ಸೂತಕದಲ್ಲಿ ಕ್ಯೋಟೋ

ನೋಡ್ರಪ್ಪಾ, ಇವತ್ತು ಜಪಾನಿನ ಕ್ಯೋಟೋ ನಗರದ ಗುಡಿಯೊಂದರ ಬಾಗಿಲ ತನಕ ಹೋಗಿ ವಾಪಸ್ ಬಂದೆ. ಐರ್ಲೆಂಡಿನ ಟಾಲಾದ ನಮ್ಮ ಅಡುಗೆಮನೆಯಲ್ಲಿ ಕೂತುಕೊಂಡೇ.

ಲಾಕ್‌ಡೌನ್ ಬೇಸರ ಕಳೆಯಲಿ ಎಂದು ಆಫೀಸಿನವರು ಏರ್ಪಡಿಸಿದ್ದ ಝೂಮ್ ಪ್ರವಾಸ. ಅಲ್ಲಿ ಗೈಡ್ ಒಬ್ಬಳು ಫೋನ್ ಹಿಡಿದು ಗುಡಿಯಿಂದ ಗುಡಿಗೆ ನಡೆಯುತ್ತಾಳೆ, ಇಲ್ಲಿ ನಾವು ಲ್ಯಾಪ್‌ಟಾಪಿನಲ್ಲಿ ಅವಳ ಹಿಂದೆ ಹೋಗಬೇಕು. ಮೊದಲ ಗುಡಿಯ ಕೆಂಪು ಕಮಾನಿನ ಮುಂದೆ ಅವಳು ನಿಂತು ತಲೆಬಾಗಿದಳು. ಅಷ್ಟರಲ್ಲಿ ನನ್ನ ಹೆಂಡತಿ ಬಂದಳು.

“ರೀ, ಸೂತಕ ಇಟ್ಕೊಂಡು ದೇವಸ್ಥಾನಕ್ಕೆ ಹೋಗ್ತಿದ್ದೀರಾ?”

ಮೈಸೂರಿನಲ್ಲಿ ಅಮ್ಮ ಕೋವಿಡ್‌ನಿಂದ ತೀರಿಕೊಂಡು ಇನ್ನೂ ವಾರವಾಗಿಲ್ಲ. ನನಗೆ ರೇಗಿತು.

“ಹೋಗೋದೆಲ್ಲಿ ಬಂತು? ಇಲ್ಲೇ ಕುರ್ಚಿ ಮೇಲೆ ಕೂತಿದ್ದೀನಿ. ಲ್ಯಾಪ್‌ಟಾಪಲ್ಲಿ ನೋಡಿದ್ರೆ ಹೋದ ಹಾಗಾ?”

ಅವಳು ದನಿ ಏರಿಸಲಿಲ್ಲ. “ಹಾಗಾದ್ರೆ ಸೋಮವಾರ ಅತ್ತೆ ಅಂತ್ಯಕ್ರಿಯೆಗೂ ನೀವು ಹೋಗಿರ್ಲಿಲ್ಲ ಬಿಡಿ.”

ಸೋಮವಾರವೂ ಇದೇ ಕುರ್ಚಿ, ಇದೇ ಲ್ಯಾಪ್‌ಟಾಪ್. ವಿಮಾನಗಳಿರಲಿಲ್ಲ. ಪಿಪಿಇ ತೊಟ್ಟ ಯಾರೋ ಅಮ್ಮನನ್ನು ಚಿತೆಯ ಮೇಲಿಟ್ಟದ್ದನ್ನು ನನ್ನ ತಮ್ಮ ದೂರದಿಂದ ವಿಡಿಯೋದಲ್ಲಿ ತೋರಿಸಿದ್ದ. ಆಮೇಲೆ ಫೋನ್ ಮಾಡಿದವರಿಗೆಲ್ಲ ನಾನೇ ಹೇಳಿದ್ದೆ: “ಕೊನೇ ತನಕ ನಾನೂ ಇದ್ದೆ.”

ಗೈಡ್ ಕಮಾನು ದಾಟುವ ಮುಂಚೆ ಲ್ಯಾಪ್‌ಟಾಪ್ ಮುಚ್ಚಿದೆ.

ಸ್ವಲ್ಪ ಹೊತ್ತಿಗೆ, ಎಲ್ಲ ಸರಿಯಿದೆ ಅನ್ನೋದಕ್ಕೂ ‘ಗ್ರ್ಯಾಂಡ್’ ಅನ್ನುವ ನಮ್ಮ ಐರಿಷ್ ಮ್ಯಾನೇಜರ್ ಮೆಸೇಜ್ ಮಾಡಿದ: “ಎಲ್ಲಿ ಹೋದೆ? ಎಲ್ಲ ಗ್ರ್ಯಾಂಡ್ ತಾನೇ? ಒಳಗೆ ಎಷ್ಟು ಚೆನ್ನಾಗಿದೆ, ಬಾ.”

“ಗ್ರ್ಯಾಂಡ್,” ಎಂದು ಬರೆದೆ. “ನಾನು ಹೊರಗೇ ನಿಂತಿರ್ತೀನಿ. ನೀವೆಲ್ಲ ಹೋಗಿ ಬನ್ನಿ.”