ಬೋರ್ಡಿನ ಮೂಲೆಯ ಹೆಸರು

ನನ್ನನ್ನು ಐದನೇ ಇಯತ್ತೆಯ ಲೀಡರ್ ಮಾಡಿದ್ದು ನಾನು ಜಾಣೆ ಎಂದಲ್ಲ. "ಈಕಿಗೆ ಗೆಳತ್ಯಾರ ಇಲ್ಲ, ಯಾರ ಪರಾನೂ ವಹಿಸಂಗಿಲ್ಲ" ಎಂದು ಹೆಡ್ ಅಕ್ಕೋರು ಎಲ್ಲರೆದುರೇ ಹೇಳಿ ನನ್ನ ಕೈಗೆ ಸೀಮೆಸುಣ್ಣ ಕೊಟ್ಟರು. ಪಾಠ ಹೇಳುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತೇವೆ. ನಾನು ಹಿಗ್ಗಿದೆ. ಅದರಲ್ಲಿ ಹಿಗ್ಗುವಂಥದ್ದೇನಿತ್ತು ಎಂದು ಕೇಳಿಕೊಂಡರೆ ಈಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅದು ಗಂಗಾವತಿ ಹತ್ತಿರದ, ಲೂಥರನ್ ಚರ್ಚಿನವರ ಒಂದು ಶಾಲೆ. ನಮ್ಮದು ಕುಕನೂರಿನ ಕಿರಾಣಿ ಅಂಗಡಿಯ ಮನೆ, ಚರ್ಚಿನ ಮೆಟ್ಟಿಲು ಹತ್ತಿ ಗೊತ್ತಿಲ್ಲದವರು. ಅವ್ವ ತೀರಿಕೊಂಡ ಮೇಲೆ ಅಪ್ಪ ನನ್ನನ್ನು ತಂದು ಅಲ್ಲಿಯ ಹಾಸ್ಟೆಲಿಗೆ ಬಿಟ್ಟ. "ಇಲ್ಲಿ ಶಿಸ್ತು ಭಾಳ ಐತಂತ. ನಿನಗ ಛಲೋ ಆಕ್ಕೈತಿ" ಎಂದ. ತಾಯಿ ಇಲ್ಲದ ಹುಡುಗಿಗೆ ಎಲ್ಲ ಬಿಟ್ಟು ಶಿಸ್ತೇ ಯಾಕೆ ಬೇಕೆನಿಸಿತೋ, ಅವನಿಗೇ ಗೊತ್ತು.

ಶಿಸ್ತು ಇತ್ತು, ಬೆತ್ತ ಇರಲಿಲ್ಲ. ಅಕ್ಕೋರು ಇಲ್ಲದ ಹೊತ್ತಿನಲ್ಲಿ ಯಾರು ಮಾತಾಡಿದರೋ ಅವರ ಹೆಸರನ್ನು ಲೀಡರ್ ಬೋರ್ಡಿನ ಮೂಲೆಯಲ್ಲಿ ಬರೆಯಬೇಕು. ಶನಿವಾರದವರೆಗೆ ಅದು ಅಲ್ಲೇ ಇರಬೇಕು. ಶನಿವಾರ ಪ್ರಾರ್ಥನೆ ಮುಗಿದ ಮೇಲೆ ಹೆಸರು ಬಂದವರು ಎದ್ದು ನಿಂತು ತಮ್ಮ ತಪ್ಪು ತಾವೇ ಹೇಳಬೇಕು, ಲೀಡರ್ "ಕ್ಷಮಿಸಿದೆ" ಎನ್ನಬೇಕು. ಆಗ ಹೆಡ್ ಅಕ್ಕೋರು ಒದ್ದೆ ಬಟ್ಟೆಯಿಂದ ಮೂಲೆ ಒರೆಸಿ, "ಅಳಿಸಿದ್ದನ್ನ ಇನ್ನ ಯಾರೂ ಎತ್ತಬಾರ್ದು" ಎನ್ನುತ್ತಿದ್ದರು. ಒಳ್ಳೆಯ ಪದ್ಧತಿಯೇ. ಅದನ್ನು ಕೆಡಿಸಿಕೊಂಡವಳು ನಾನು.

ಮೊದಲ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬಳು ಕೂರುತ್ತಿದ್ದಳು. ನವಲಿಯವಳು, ಭತ್ತದ ಗದ್ದೆಯವರ ಮಗಳು, ಶಾಲೆ ಇದ್ದ ಊರಲ್ಲೇ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಹಾಸ್ಟೆಲಿನ ಸಾರಿನ ಬಗ್ಗೆ ನಾನು ಒಂದು ದಿನ ಮುಖ ಕಿವುಚಿದ್ದನ್ನು ನೋಡಿ, ಮರುದಿನದಿಂದ ಶೇಂಗಾ ಚಟ್ನಿ ಸುತ್ತಿದ ರೊಟ್ಟಿ ಒಂದನ್ನು ಹೆಚ್ಚಿಗೆ ತರತೊಡಗಿದಳು. ಕೊಡುವಾಗ ಏನೂ ಹೇಳುತ್ತಿರಲಿಲ್ಲ, ನನ್ನ ಕಡೆ ಸರಿಸುತ್ತಿದ್ದಳು ಅಷ್ಟೇ. ಅದನ್ನು ಗೆಳೆತನ ಎನ್ನುತ್ತಾರೆಂದು ನನಗೆ ಹೊಳೆದಿರಲಿಲ್ಲ.

ಅವ್ವ ಹೋಗಿ ವರ್ಷ ತುಂಬಿದ ದಿನ, ಅಪ್ಪ ಕರೆದೊಯ್ಯಲು ಬರುತ್ತಾನೆಂದು ಬೆಳಿಗ್ಗೆಯೇ ಗೇಟಿನ ಹತ್ತಿರ ಹೋಗಿ ನಿಂತೆ. ಉಪ್ಪಿಟ್ಟಿನ ಗಂಟೆ ಹೊಡೆಯಿತು, ಹೋಗಲಿಲ್ಲ. ಶಾಲೆಯ ಗಂಟೆಯೂ ಹೊಡೆಯಿತು. ಅಪ್ಪ ಬರಲಿಲ್ಲ. ಎರಡನೇ ಅವಧಿಯಲ್ಲಿ ಅಕ್ಕೋರು ಆಫೀಸಿಗೆ ಹೋದರು. ನಾನು ಸೀಮೆಸುಣ್ಣ ಹಿಡಿದು ಬೋರ್ಡಿನ ಪಕ್ಕ ನಿಂತೆ. ಮೊದಲ ಬೆಂಚಿನಿಂದ ಅವಳು ನನ್ನ ಮುಖ ನೋಡಿ ಮೆಲ್ಲಗೆ, "ಉಂಡಿಲ್ಲೇನ?" ಎಂದಳು.

"ಹಸಿವಿಲ್ಲ" ಎಂದೆ.

ಹಿಂದಿನ ಬೆಂಚಿನಿಂದ ಒಂದು ದನಿ ಬಂತು: "ಲೀಡರ್ ಗೆಳತಿ ಮಾತಾಡಿದ್ರ ಹೆಸರು ಬರಿಯಂಗಿಲ್ಲೇನು?" ಇಡೀ ಕ್ಲಾಸು ನಕ್ಕಿತು. ನನಗೊಬ್ಬ ಗೆಳತಿ ಇದ್ದಾಳೆಂದು ಯಾರಾದರೂ ಹೇಳಿದ್ದು ಅದೇ ಮೊದಲು. ಆ ಮಾತಿಗೆ ಹೆದರಿ ನಾನು ಅವಳ ಹೆಸರು ಬರೆದೆ. ಉತ್ತರ ಕೊಟ್ಟ ನನ್ನ ಹೆಸರು ಬರೆಯಲಿಲ್ಲ.

ಶನಿವಾರ ಅವಳು ಎದ್ದು ನಿಂತು, "ಮಾತಾಡಿದೆ, ತಪ್ಪಾತು" ಎಂದಳು. ಏನು ಮಾತಾಡಿದೆನೆಂದು ಹೇಳಲಿಲ್ಲ. ಎಲ್ಲರಿಗೂ ಕೇಳುವಂತೆ ನಾನು "ಕ್ಷಮಿಸಿದೆ" ಎಂದೆ. ಹೆಡ್ ಅಕ್ಕೋರು ಒರೆಸಿದರು. ಮುಗಿಯಿತು. ತಪ್ಪು ನನ್ನದೇ ಎಂದು ಅವಳಿಗೆ ಹೇಳಬೇಕೆಂದರೆ ಅಳಿಸಿದ್ದನ್ನು ಎತ್ತಬೇಕು, ಎತ್ತಬಾರದು. ಬೇರೆ ಮಾತಾಡಲು ಬಾಯಿ ತೆರೆದರೂ ಅದೇ ಮಾತು ಮುಂದೆ ಬರುತ್ತಿತ್ತು. ಅದಕ್ಕೆ ಬಾಯಿಯನ್ನೇ ಮುಚ್ಚಿಕೊಂಡೆ. ಬುತ್ತಿಯ ಹೊತ್ತಿಗೆ ಎದ್ದು ನೀರಿನ ಟ್ಯಾಂಕಿನ ಹಿಂದೆ ಹೋಗಿ ಕೂರುತ್ತಿದ್ದೆ. ವರ್ಷ ಮುಗಿದ ಮೇಲೆ ಅವಳು ತನ್ನೂರಿನ ಶಾಲೆಗೆ ಹೋದಳು.

ನಾನು ಓದು ಮುಗಿಸಿ ಅದೇ ಶಾಲೆಗೆ ಅಕ್ಕೋರಾಗಿ ಬಂದೆ. ಮದುವೆ ಆಗಲಿಲ್ಲ, ಅದರ ಹಿಂದೆ ಕಥೆಯೇನೂ ಇಲ್ಲ. ಶಾಲೆಯ ಹಿಂದಿನ ಓಣಿಯಲ್ಲಿ ಒಂದು ಬಾಡಿಗೆ ಕೋಣೆ, ಒಬ್ಬಳಿಗೆ ಎರಡು ರೊಟ್ಟಿ. ರವಿವಾರ ಯಾರೊಂದಿಗೂ ಒಂದು ಮಾತಾಡದೆ ಸಂಜೆಯಾಗಿಬಿಡುತ್ತದೆ. ಒಂಟಿತನ ರೂಢಿಯಾಗುತ್ತದೆ ಎನ್ನುವವರು ಅದನ್ನು ಉಂಡು ನೋಡಿಲ್ಲ.

ಹೋದ ಜೂನ್‌ನಲ್ಲಿ ಆಫೀಸಿನಿಂದ ಕರೆ ಬಂತು. ಶಿಸ್ತಿನ ನಿಯಮಗಳ ಹಾಳೆಗೆ ಈಗ ಪಾಲಕರು ಸಹಿ ಹಾಕಬೇಕು, ಅದು ಕ್ಲಾಸಿನ ಅಕ್ಕೋರ ಎದುರೇ ಆಗಬೇಕು. ಕ್ಲಾಸನ್ನು ಲೀಡರ್ ಹುಡುಗಿಗೆ ಒಪ್ಪಿಸಿ ಹೋದೆ. ಹಾಳೆಯ ಮೇಲೆ ಬಾಗಿದ್ದ ಹೆಂಗಸು ತಲೆ ಎತ್ತಿದಳು. ಅವಳೇ. ಮದುವೆ ಮಾಡಿ ಹುಲಿಹೈದರ ಊರಿಗೆ ಕೊಟ್ಟಿದ್ದರಂತೆ. ಮಗಳನ್ನು ಬೆಳಿಗ್ಗೆ ನಾನು ಬರುವ ಮೊದಲೇ ನನ್ನ ಕ್ಲಾಸಿನಲ್ಲಿ ಕೂರಿಸಿ ಬಂದಿದ್ದಳು.

"ನನ್ನ ಮಗಳದು ಬಾಯಿ ಭಾಳ್ರಿ ಅಕ್ಕೋರ. ದಿನಾ ಬೋರ್ಡಿನ ಮ್ಯಾಲೆ ಹೆಸರು ಇರ್ತೈತಿ ನೋಡ್ರಿ" ಎಂದು ನಕ್ಕಳು. ಗುರುತು ಸಿಕ್ಕೂ ರೀ ಹಚ್ಚಿಯೇ ಮಾತಾಡಿದಳು. ಹೊರಗೆ ಕಟ್ಟೆಯವರೆಗೆ ಬಂದ ಮೇಲೆ ತಡೆಯಲಾಗಲಿಲ್ಲ.

"ಅವತ್ತ ನಾನೂ ಮಾತಾಡಿದ್ದೆ. ನನ್ನ ಹೆಸರೂ ಬರೀಬೇಕಿತ್ತು. ಎತ್ತಬಾರ್ದು ಅಂದಿದ್ರಲ್ಲ, ಅದಕ್ಕ ನಿನ್ನ ಕೂಡ ಮಾತೇ ಬಿಟ್ಟೆ."

ಹೊರಟಿದ್ದವಳು ನನ್ನ ಕಡೆ ತಿರುಗಿ ನಿಂತಳು. "ಅದನ್ನ ಎತ್ತಬ್ಯಾಡ್ರಿ ಅಂದಿದ್ರು. ಮಾತಾಡಬ್ಯಾಡ್ರಿ ಅಂತ ಯಾರ ಅಂದಿದ್ರು? ವರ್ಷ ಮುಗಿಯೂತನಕ ನಿನ್ನ ಪಾಲಿನ ರೊಟ್ಟಿ ತಂದೀನಿ ನಾ. ನೀ ಟ್ಯಾಂಕಿನ ಹಿಂದ ಹೊಕ್ಕಿದ್ದಿ."

ಗೇಟಿನ ಹೊರಗೆ ಟಂಟಂ ಆಟೋ ಹಾರ್ನ್ ಹೊಡೆಯಿತು. ಅವಳು ಸೆರಗು ಸರಿಮಾಡಿಕೊಂಡು ಎಲ್ಲರನ್ನೂ ಕೇಳುವ ಹಾಗೆಯೇ ನನ್ನನ್ನೂ ಕೇಳಿದಳು: "ಊಟ ಆತೇನ್ರಿ?"

"ಆತ್ರಿ" ಎಂದುಬಿಟ್ಟೆ. ಬೆಳಗಿನಿಂದ ಬರೀ ಚಹಾ ಕುಡಿದಿದ್ದೆ.

ಅವಳು ಹೋಗಿ ಟಂಟಂ ಹತ್ತಿದಳು. ಅದು ಹೊರಟಾಗ ನಾನು ಚಪ್ಪಲಿ ಎಳೆಯುತ್ತ ಗೇಟಿನವರೆಗೆ ಓಡಿದೆ. "ಇಲ್ಲವ್ವಾ! ಉಂಡಿಲ್ಲ ನಾ!" ಎಂದು ಕೂಗಿದೆ. ಗಾಡಿ ನಿಲ್ಲಲಿಲ್ಲ. ಹೊರಗೆ ಒಂದು ಕೈ ಕಂಡಿತು. ಬೀಸಿದಳೋ, ಕಂಬಿ ಹಿಡಿದುಕೊಂಡಳೋ ತಿಳಿಯಲಿಲ್ಲ.

ಕ್ಲಾಸಿಗೆ ಮರಳಿದರೆ ಎಲ್ಲ ಮಕ್ಕಳೂ ಕಿಟಕಿಯಲ್ಲಿದ್ದರು. ನನ್ನ ಕೂಗು ಅಲ್ಲಿಯವರೆಗೆ ಕೇಳಿತ್ತು. ಬೋರ್ಡಿನ ಮೂಲೆಯಲ್ಲಿ ಎರಡು ಹೆಸರಿದ್ದವು, ಎರಡನೆಯದು ಆಗಲೇ ಅವಳ ಮಗಳದ್ದು. ಲೀಡರ್ ಹುಡುಗಿ ಸೀಮೆಸುಣ್ಣ ಹಿಡಿದು ಏನು ಮಾಡಬೇಕೆಂದು ತಿಳಿಯದೆ ನನ್ನ ಮುಖ ನೋಡಿದಳು.

"ಬರಿ" ಎಂದೆ.

ಅವಳು ಅಂಜುತ್ತಲೇ ಮೂರನೆಯದಾಗಿ ನನ್ನ ಹೆಸರು ಬರೆದಳು. ಶನಿವಾರಕ್ಕೆ ಇನ್ನೂ ನಾಲ್ಕು ದಿನ ಇತ್ತು.