ಕೊಂಬಣ್ಣನ ಸಮಚಿತ್ತ

ಇಪ್ಪತ್ತಮೂರು ವರ್ಷ ಒಂದೇ ಮುದ್ರಣಾಲಯದ ಒಂದೇ ಕುರ್ಚಿಯಲ್ಲಿ ಕೂತು ಕರಡು ತಿದ್ದಿದ ಆ ಮನುಷ್ಯನನ್ನು ಜೊತೆಯವರು ಕೊಂಬಣ್ಣ ಎನ್ನುತ್ತಿದ್ದರು. ಬೇರೆಯವರು ಬಿಟ್ಟ ಕೊಂಬು, ದೀರ್ಘ, ಒತ್ತುಗಳನ್ನು ಹೆಕ್ಕಿ ಹಾಕುವುದು ಅವನ ಕೆಲಸ. ತಲೆಯ ಮೇಲೂ ಒಂದು ಜೊತೆ ಬೆಳೆದಿದೆ ಎಂಬ ಅರ್ಥವೂ ಆ ಹೆಸರಿಗಿತ್ತು.

ಮುದ್ರಣಾಲಯ ಮುಚ್ಚಿದಾಗ ಅವನಿಗೆ ನಲವತ್ತೊಂಬತ್ತು. ಕೊನೆಯದಾಗಿ ತಿದ್ದಿದ್ದು ಎರಡು ಸಾವಿರ ವರ್ಷ ಹಿಂದಿನ ತತ್ವಜ್ಞಾನಿಗಳ ಉಪದೇಶಗಳನ್ನು. ಪುಸ್ತಕ ಅಚ್ಚಾಗಲೇ ಇಲ್ಲ. ಕೊನೆಯ ದಿನ ಬುದ್ಧಿವಂತರು ಫ್ಯಾನು, ಕುರ್ಚಿ ಹೊತ್ತುಕೊಂಡು ಹೋದರು. ಕೊಂಬಣ್ಣ ಕರಡಿನ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದ.

ನಿರುದ್ಯೋಗಿಗೆ ಬೇಕಾದದ್ದೆಲ್ಲ ಅದರಲ್ಲಿತ್ತು. ಪ್ರಯತ್ನ ನಮ್ಮ ಕೈಯಲ್ಲಿದೆ, ಉತ್ತರ ಕೊಡುವುದು ಲೋಕದ ಕೈಯಲ್ಲಿ ಎಂದು ಮೊದಲ ಅಧ್ಯಾಯವೇ ಹೇಳುತ್ತಿತ್ತು. ಹಾಗಾಗಿ ಎಂಟು ಕಡೆ ಅರ್ಜಿ ಹಾಕಿ, ಫೋನನ್ನು ಬೀರುವಿನೊಳಗೆ ಬಟ್ಟೆಗಳ ಕೆಳಗಿಟ್ಟು ನಿಶ್ಚಿಂತನಾದ. ಲೋಕ ಮೂರು ಸಲ ಕರೆದು ಸುಮ್ಮನಾಯಿತು.

ಅವನ ಹೆಂಡತಿ ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ಸೀರೆ ಹುಡುಕಲು ಹೋಗಿ ಫೋನು ಸಿಕ್ಕಿದಾಗ ಅದನ್ನು ಅವನ ಮುಂದಿಟ್ಟು ಕೇಳಿದಳು: "ಫೋನ್ ಎತ್ತೋದು ಯಾರ ಕೈಲಿದೆ ಅಂತ ಬರೆದಿದಾರೇನ್ರೀ ಅವರು?"

ಕೊಂಬಣ್ಣ ಪುಟ ತಿರುವಿ ನೋಡಿದ. ಬರೆದಿರಲಿಲ್ಲ.

ಕೊನೆಗೂ ಒಂದು ಪೀಠೋಪಕರಣದ ಕಂಪನಿ ಸಂದರ್ಶನಕ್ಕೆ ಕರೆಯಿತು. ಎದುರು ಕೂತ ಹುಡುಗಿ, ಇನ್ನೈದು ವರ್ಷದಲ್ಲಿ ನಿಮ್ಮನ್ನು ನೀವು ಎಲ್ಲಿ ನೋಡುತ್ತೀರಿ ಎಂದಳು. ಸಾವನ್ನು ದಿನವೂ ನೆನೆಯಬೇಕೆಂಬುದು ನಾಲ್ಕನೇ ಅಧ್ಯಾಯ. "ಅಷ್ಟೊತ್ತಿಗೆ ಇರ್ತೀನೋ ಇಲ್ವೋ, ಹೆಂಗೆ ಹೇಳೋದು?" ಎಂದ. ಅವಳು ಏನೋ ಬರೆದುಕೊಂಡಳು. ಅದರಲ್ಲೊಂದು ಕಾಗುಣಿತದ ತಪ್ಪಿದೆ ಎಂದು ಕೊಂಬಣ್ಣ ಎದುರಿನಿಂದ ತಲೆಕೆಳಗಾಗಿಯೇ ಓದಿ ತೋರಿಸಿದ. ಆ ಕಂಪನಿಯಿಂದ ಮತ್ತೆ ಕರೆ ಬರಲಿಲ್ಲ. ಅವನು ಸಮಚಿತ್ತದಿಂದ ಸ್ವೀಕರಿಸಿದ. ಸಮಚಿತ್ತದಲ್ಲಂತೂ ಅವನಷ್ಟು ಅನುಭವವಿದ್ದ ಅಭ್ಯರ್ಥಿ ಊರಲ್ಲೇ ಇರಲಿಲ್ಲ.

ನಾಲ್ಕನೇ ತಿಂಗಳು, ಒಂದು ಮಧ್ಯಾಹ್ನ, ಎರಡು ಪಾಳಿ ಒಟ್ಟಿಗೆ ಮುಗಿಸಿ ಬಂದ ಹೆಂಡತಿ ಊಟಕ್ಕೆ ಕೂತವಳು ತಟ್ಟೆಯಲ್ಲಿ ಕೈ ಇಟ್ಟುಕೊಂಡೇ ನಿದ್ದೆ ಹೋದಳು. ನೋವೆಂಬುದು ಬರೀ ನಮ್ಮ ಅಭಿಪ್ರಾಯ ಎಂಬ ಅಧ್ಯಾಯವೂ ಆ ಕಟ್ಟಿನಲ್ಲಿತ್ತು. ಅವತ್ತು ಅದನ್ನು ತೆಗೆಯುವ ಧೈರ್ಯ ಅವನಿಗಾಗಲಿಲ್ಲ. ಒದ್ದೆ ಬಟ್ಟೆ ತಂದು, ಎಚ್ಚರವಾಗದಂತೆ ಅವಳ ಬೆರಳು ಒರೆಸಿದ.

ಮರುವಾರ ಔಷಧ ಕಾರ್ಖಾನೆಯೊಂದಕ್ಕೆ ಗುಮಾಸ್ತೆ ಕೆಲಸ ಕೇಳಿಕೊಂಡು ಹೋದ. ಕಾಯುವ ಕೋಣೆಯ ಗಾಜಿನ ಕಪಾಟಿನಲ್ಲಿ ಕೆಮ್ಮಿನ ಹೊಸ ಔಷಧದ ಬಾಟಲಿಗಳಿದ್ದವು. ಚೀಟಿಯ ಮೇಲೆ ದಪ್ಪಕ್ಷರದಲ್ಲಿ 'ಊಟಕ್ಕೆ ಬದಲು ಎರಡು ಚಮಚ' ಎಂದಿತ್ತು. ಚೀಟಿ ತನ್ನದಲ್ಲ, ಕೆಮ್ಮೂ ತನ್ನದಲ್ಲ ಎಂದು ಕಣ್ಣು ಮುಚ್ಚಿ ಕೂತ. ಎರಡು ನಿಮಿಷ ತತ್ವಜ್ಞಾನ ತಡೆದುಕೊಂಡಿತು. ಮೂರನೇ ನಿಮಿಷಕ್ಕೆ ಬಾಟಲಿ ಹಿಡಿದು, ಕರೆಯದೆಯೇ ಮ್ಯಾನೇಜರ ಕೋಣೆಗೆ ನುಗ್ಗಿದ.

"ಮೊದಲು ಅನ್ನೋ ಕಡೆ ಬದಲು ಅಂತ ಹಾಕಿದೀರಲ್ಲ, ಜನ ಇದನ್ನ ಕುಡ್ಕೊಂಡು ಉಪವಾಸ ಬೀಳಬೇಕಾ? ಇದನ್ನ ಓದಿದೋನು ಯಾರು?"

ಮ್ಯಾನೇಜರು ಬಾಟಲಿ ತಿರುಗಿಸಿ ತಿರುಗಿಸಿ ನೋಡಿದರು. ನಲವತ್ತು ಸಾವಿರ ಬಾಟಲಿ ಅಂದೇ ಲಾರಿ ಹತ್ತುವುದರಲ್ಲಿತ್ತು.

"ಆರು ಜನ ಸಹಿ ಹಾಕಿದೀವಿ," ಎಂದರು ಮೆಲ್ಲಗೆ. "ನಾನೂ ಸೇರಿ."

ಆಮೇಲೆ ಕೂರಿಸಿ, ನೀರು ಕೊಟ್ಟು, ಚೀಟಿ ಓದುವ ಕೆಲಸಕ್ಕೆ ನಾಳೆಯೇ ಬರುತ್ತೀರಾ ಎಂದು ಕೇಳಿದರು. ಗುಮಾಸ್ತೆ ಕೆಲಸದ ಮಾತು ಅಲ್ಲಿಗೇ ಬಿತ್ತು.

ಯಾವ ಅಧ್ಯಾಯ ಕೆಲಸಕ್ಕೆ ಬಂತು ಎಂದು ಹೆಂಡತಿ ಕೇಳಿದಳು.

"ಯಾವುದೂ ಇಲ್ಲ ಕಣೇ. ಕೂಗಾಡಿಬಿಟ್ಟೆ," ಎಂದ, ತಪ್ಪೊಪ್ಪಿಕೊಳ್ಳುವವನ ಹಾಗೆ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಶನಿವಾರ ನೇಮಕಾತಿ ಪತ್ರ ಬಂತು. 'ಮಾಸಿಕ ವೇತನ' ಎಂದಿರಬೇಕಾದಲ್ಲಿ 'ಮಾಸಿಕ ವೇದನೆ' ಎಂದು ಅಚ್ಚಾಗಿತ್ತು. ಕೊಂಬಣ್ಣ ಕೆಂಪು ಪೆನ್ನಿನ ಮುಚ್ಚಳ ತೆಗೆದ. ಹೆಂಡತಿ ಅವನ ಹೆಗಲ ಮೇಲಿಂದ ಬಗ್ಗಿ ಓದಿದಳು.

"ಸರಿಯಾಗೇ ಇದೆ ಬಿಡಿ," ಎಂದಳು. "ಸಹಿ ಹಾಕಿ."