ಪೂಜೆಗೆ ಕೂತ ಡಿಟೆಕ್ಟರು

ಆಯುಧಪೂಜೆ ಮುಗಿದ ಮೂರನೇ ದಿನ ಬೆಳಗ್ಗೆ ತಂಗಿಯ ಮಗಳು ಅನುಷಾಳ ಫೋನು. "ಮಾವ, ಪೆಟ್ಟಿಗೆಯನ್ನು ಮುಟ್ಟಿದ್ರಾ?"

ಇಲ್ಲವಲ್ಲ! (ಕುಂಕುಮ ಹಚ್ಚಿದರೆ ಅದು ಮುಟ್ಟಿದಂತೆಯೇ?)

ಪೆಟ್ಟಿಗೆ ಎಂದರೆ ವಿಕಿರಣ ಅಳೆಯುವ ಡಿಟೆಕ್ಟರು. ಮಣ್ಣಿನಲ್ಲಿ, ಗೋಡೆಯಲ್ಲಿ ಎಲ್ಲೆಲ್ಲೂ ವಿಕಿರಣ ಅಲ್ಪಸ್ವಲ್ಪ ಇದ್ದೇ ಇರುತ್ತದಂತೆ. ನಮ್ಮ ಕಡೆಯ ತೇವದಲ್ಲಿ ಈ ಯಂತ್ರ ಅದನ್ನು ಎಷ್ಟು ವರ್ಷ ತಪ್ಪಿಲ್ಲದೆ ಅಳೆದೀತು? ಇದು ಅನುಷಾಳ ಪಿಎಚ್.ಡಿ. ಚಪ್ಪಲಿಗೂ ಬೂಷ್ಟು ಹಿಡಿಯುವ ಉಪ್ಪಿನಂಗಡಿಗಿಂತ ಒಳ್ಳೆಯ ಲ್ಯಾಬ್ ಎಲ್ಲಿ ಸಿಗಬೇಕು? ಹಾಗಾಗಿ ನಾಲ್ಕು ವರ್ಷದಿಂದ ಅದು ನಮ್ಮ ಮಾಳಿಗೆಯ ಮೇಜಿನ ಮೇಲೆ ಕೂತು ಅವಳ ಮೊಬೈಲಿಗೆ ರೀಡಿಂಗ್ ಕಳಿಸುತ್ತಿದೆ.

ಆ ರೀಡಿಂಗ್ ಮೂರು ದಿನದಿಂದ ಏರಿ ಕೂತಿತ್ತು. ಈ ಯಂತ್ರ ತೇವಕ್ಕೆ ಜಗ್ಗುವುದಿಲ್ಲ ಎಂದು ಅವಳು ಥೀಸಿಸ್ ಬರೆದು ಮುಗಿಸಿದ್ದಳು. ಈಗ ಕೆಟ್ಟಿದೆ ಎಂದಾದರೆ ಯಾವಾಗಿನಿಂದ ಕೆಟ್ಟಿದೆ? ನಾಲ್ಕು ವರ್ಷದ ಕೆಲಸಕ್ಕೆ ಎಳ್ಳುನೀರು ಬಿಟ್ಟಂತೆಯೇ.

ಮಧ್ಯಾಹ್ನದೊಳಗೆ ಸುಳ್ಯದಿಂದ ಬಸ್ಸು ಹಿಡಿದು ಬಂದಳು. ಯಂತ್ರಕ್ಕೂ ವಯಸ್ಸಾಗುತ್ತದೆ ಮಾರಾಯ್ತಿ ಎಂದು ನಾನು ಸಮಾಧಾನ ಹೇಳಿದೆ. ಅವಳು ನಗಲಿಲ್ಲ. ಮೇಜನ್ನೇ ನೋಡುತ್ತಿದ್ದಳು.

"ಇದು ಎಂತ?"

ಅಜ್ಜನ ಕಾಲದ ಗ್ಯಾಸ್‌ಲೈಟು. ನಮ್ಮಲ್ಲಿ ಆಯುಧಪೂಜೆಗೆ ಕತ್ತಿಯಿಂದ ಮಿಕ್ಸಿಯವರೆಗೆ ಎಲ್ಲವೂ ಒಂದೇ ಸಾಲಿನಲ್ಲಿ ಕೂರಬೇಕು. ಈ ವರ್ಷ ಡಿಟೆಕ್ಟರನ್ನೂ ಸೇರಿಸುವ ಮನಸ್ಸಾಯಿತು; ಅದನ್ನು ಕದಲಿಸಬಾರದಿತ್ತು, ಹಾಗಾಗಿ ಉಳಿದದ್ದನ್ನೆಲ್ಲ ನಾನೇ ಮಾಳಿಗೆಗೆ ಹೊತ್ತಿದ್ದೆ. ಪೂಜೆಯ ನಂತರ ಎಲ್ಲವೂ ಕೆಳಗಿಳಿದವು. ನೋಡಲು ಚೆಂದ ಎಂದು ಗ್ಯಾಸ್‌ಲೈಟು ಮಾತ್ರ ಅಲ್ಲೇ ಉಳಿಯಿತು, ಜೊತೆಗೆ ಹಳೆಯ ಮ್ಯಾಂಟಲ್‌ಗಳ ಡಬ್ಬಿ. (ಗ್ಯಾಸ್‌ಲೈಟಿನೊಳಗೆ ಬೆಳಗುವ ಬಲೆಯಂಥ ಬಟ್ಟೆಯೇ ಮ್ಯಾಂಟಲ್.)

ಅನುಷಾ ಡಬ್ಬಿ ತೆರೆದು ನೋಡಿದವಳೇ ಅದನ್ನು ಮೇಜಿನಿಂದ ಎತ್ತಿಕೊಂಡಳು. ಹಿಂದೆಲ್ಲ ಮ್ಯಾಂಟಲ್‌ಗೆ ಥೋರಿಯಂ ಸೇರಿಸುತ್ತಿದ್ದರಂತೆ. ಅದು ವಿಕಿರಣ ಸೂಸುವ ವಸ್ತು. ಡಬ್ಬಿಯನ್ನು ಅಂಗಳದಾಚೆ ಇಟ್ಟು ಬಂದಳು. ನಾವು ಚಹಾ ಕುಡಿದು ಮುಗಿಸುವಷ್ಟರಲ್ಲಿ ರೀಡಿಂಗ್ ಹಳೆಯ ಮಟ್ಟಕ್ಕೆ ಇಳಿದಿತ್ತು.

"ಅದಕ್ಕೆ ಎಂತ ಆಗ್ಲಿಲ್ಲ ಮಾವ. ಇದ್ದದ್ದನ್ನೇ ಹೇಳಿದ್ದು." ನಗುತ್ತಿದ್ದಳು, ಕಣ್ಣು ತುಂಬಿತ್ತು.

ನನಗಂತೂ ಹೋದ ಜೀವ ಬಂತು. ತಂಗಿಯ ಮಗಳ ಡಾಕ್ಟರೇಟನ್ನು ಭಕ್ತಿಯಿಂದ ಹಾಳುಮಾಡಿದವ ಎಂಬ ಬಿರುದು ಸ್ವಲ್ಪದರಲ್ಲಿ ತಪ್ಪಿತ್ತು! ಈ ಪ್ರಸಂಗವನ್ನೂ ಥೀಸಿಸಿಗೆ ಸೇರಿಸುತ್ತಾಳಂತೆ. (ನನ್ನ ಹೆಸರು ಬೇಡ ಎಂದಿದ್ದೇನೆ.)

ಆದರೂ ಒಂದು ಮಾತು ಕೊರೆಯುತ್ತಿದೆ. ಮೂರು ದಿನ ಆ ಯಂತ್ರ ನಿಜವನ್ನೇ ಹೇಳುತ್ತಿತ್ತು, ನಾವು ಅನುಮಾನಪಟ್ಟದ್ದು ಅದನ್ನೇ. ಏನೋ ಸರಿಯಿಲ್ಲ ಎಂದು ಹೇಳಿದವರನ್ನೇ ಮೊದಲು ರಿಪೇರಿ ಮಾಡಲು ಹೊರಡುತ್ತೇವಲ್ಲ, ಯಾಕೆ?